ಮೈಯಲ್ಲಿ ಮನಸ್ಸಿಟ್ಟ ಚಲನೆ

ವ್ಯಾಯಾಮದ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಹೆಚ್ಚಾಗಿ ಹೆದರಿಕೆಯಿಂದ ಶುರುವಾಗುತ್ತದೆ. ಶುಗರ್ ಬಂದಿದೆ, ಬಿಪಿ ಏರಿದೆ, ಮಂಡಿ ಸವೆದಿದೆ, ಡಾಕ್ಟರು ದಿನಾ ವಾಕಿಂಗ್ ಮಾಡಿ ಎಂದಿದ್ದಾರೆ. ಹೀಗೆ ಶುರುವಾದ ವಾಕಿಂಗ್ ಕೆಲವು ವಾರ ನಡೆದು, ಮಳೆಯ ನೆಪಕ್ಕೋ ಹಬ್ಬದ ನೆಪಕ್ಕೋ ನಿಂತುಹೋಗುತ್ತದೆ. ಮೈ ಆಡಿಸುವುದರಲ್ಲೇ ಒಂದು ಹಿತವಿದೆ, ಅದಕ್ಕೆ ಬೇರೆ ಫಲ ಬೇಕಿಲ್ಲ ಎನ್ನುವುದು ಮಕ್ಕಳ ವಿಷಯದಲ್ಲಿ ಎಲ್ಲರಿಗೂ ಗೊತ್ತು. ನಲವತ್ತು ದಾಟಿದವರ ವಿಷಯಕ್ಕೆ ಬಂದರೆ ಅದೇ ಚಲನೆ ಮಾತ್ರೆಯಂತೆ ನುಂಗಬೇಕಾದ ವಸ್ತುವಾಗುತ್ತದೆ. ಈ ನಡುವೆ ಬೆಂಗಳೂರಿನ ಬಡಾವಣೆಗಳಲ್ಲಿ ಪಿಲಾಟೆಸ್ ಎಂಬ ವ್ಯಾಯಾಮ ಪದ್ಧತಿಯ ಸ್ಟುಡಿಯೋಗಳು ತೆರೆದಿವೆ, ಫಿಸಿಯೋಥೆರಪಿ ಕ್ಲಿನಿಕ್ಕುಗಳ ಬೋರ್ಡಿನಲ್ಲಿ ಆ ಹೆಸರು ಸೇರಿದೆ, ಫೋನಿನಲ್ಲಿ ಅದರ ವೀಡಿಯೋಗಳು ಓಡುತ್ತಿವೆ. ಅವು ಕೊಡುವ ಭರವಸೆ ಬರಿಯ ಗಟ್ಟಿ ಬೆನ್ನಿನದಲ್ಲ, ನೆಮ್ಮದಿಯದು, ಸಂತೋಷದ್ದು. ಆ ಭರವಸೆಯಲ್ಲಿ ಎಷ್ಟು ಹುರುಳಿದೆ? ಇದ್ದರೆ, ಅದು ಪಿಲಾಟೆಸ್ಸಿಗೇ ಸೇರಿದ್ದೋ, ಮೆಟ್ಟಿಲು ಹತ್ತುವ, ನೆಲದಿಂದ ಏಳುವ, ಮಾರ್ಕೆಟ್ಟಿಗೆ ನಡೆಯುವ ಸಾಮಾನ್ಯ ಚಲನೆಗೂ ಸೇರಿದ್ದೋ? ಸಿಕ್ಕಿರುವ ಪುರಾವೆಗಳನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇದು: ಹಿತ ಹುಟ್ಟುವುದು ಯಂತ್ರದಿಂದಲೂ ಅಲ್ಲ, ಪದ್ಧತಿಯ ಹೆಸರಿನಿಂದಲೂ ಅಲ್ಲ, ಮಾಡುವವರ ಗಮನ ಮತ್ತು ಮಾಡುವವರ ಇಚ್ಛೆ ಎರಡೂ ಚಲನೆಯೊಳಗೆ ಇದ್ದಾಗ. ಪಿಲಾಟೆಸ್ ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತದೆ. ಎರಡನೆಯದು ಎಲ್ಲರ ಪಾಲಿಗೆ ಬರಬೇಕಾದರೆ ಮನೆ, ಬೀದಿ, ಸರ್ಕಾರ ಎಲ್ಲವೂ ಸ್ವಲ್ಪ ಬದಲಾಗಬೇಕು.

ಜೋಸೆಫ್ ಪಿಲಾಟೆಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಮೋನ್ಷನ್‌ಗ್ಲಾಡ್‌ಬಾಕ್ ಎಂಬ ಊರಿನಲ್ಲಿ. ಹುಡುಗನಿಗೆ ಉಬ್ಬಸವಿತ್ತು, ಮೂಳೆ ಮೆತ್ತಗಾಗುವ ರಿಕೆಟ್ಸ್ ಇತ್ತು. ಕೃಶ ಮೈಯನ್ನು ತಾನೇ ತಿದ್ದಿಕೊಳ್ಳುವ ಹಟದಿಂದ ಆತ ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್ ಎಲ್ಲವನ್ನೂ ಕಲಿತ. ಇಂಗ್ಲೆಂಡಿನಲ್ಲಿದ್ದಾಗ ಮೊದಲ ಮಹಾಯುದ್ಧ ಶುರುವಾಗಿ, ಶತ್ರುದೇಶದ ಪ್ರಜೆ ಎಂಬ ಕಾರಣಕ್ಕೆ ಬಂಧನ ಶಿಬಿರ ಸೇರಬೇಕಾಯಿತು. ಯುದ್ಧದ ಹೆಚ್ಚಿನ ಕಾಲ ಕಳೆದದ್ದು ಐಲ್ ಆಫ್ ಮ್ಯಾನ್ ದ್ವೀಪದ ನಾಕ್‌ಅಲೋ ಶಿಬಿರದಲ್ಲಿ. ಅಲ್ಲಿ ಹಾಸಿಗೆ ಹಿಡಿದವರ ಮಂಚಕ್ಕೆ ಸ್ಪ್ರಿಂಗು ಕಟ್ಟಿ ಕೈಕಾಲು ಆಡಿಸುವಂತೆ ಮಾಡಿದ, ಆತನ ಪಾಠ ಕಲಿತವರಾರೂ 1918ರ ಇನ್‌ಫ್ಲುಯೆಂಜಾಕ್ಕೆ ಬಲಿಯಾಗಲಿಲ್ಲ ಎಂಬ ಕಥೆಗಳನ್ನು ಸ್ಟುಡಿಯೋಗಳು ಈಗಲೂ ಹೇಳುತ್ತವೆ. ಎರಡನೆಯದಕ್ಕೆ ಗಟ್ಟಿ ಆಧಾರವಿಲ್ಲ, ಅದನ್ನು ಬಿಟ್ಟರೆ ಆತನ ಕೆಲಸಕ್ಕೆ ಕುಂದೂ ಇಲ್ಲ. 1926ರಲ್ಲಿ ನ್ಯೂಯಾರ್ಕಿಗೆ ಹೋದ ಪಿಲಾಟೆಸ್, ಕ್ಲಾರಾ ಎಂಬ ಸಂಗಾತಿಯೊಂದಿಗೆ ಎಂಟನೇ ಅವೆನ್ಯೂದಲ್ಲಿ ಸ್ಟುಡಿಯೋ ತೆರೆದ. ನಗರದ ನೃತ್ಯಗಾರರು ಗಾಯಗೊಂಡಾಗ ಅಲ್ಲಿಗೆ ಬರತೊಡಗಿದರು. ಮಾರ್ತಾ ಗ್ರಹಾಂ, ಜಾರ್ಜ್ ಬಾಲನ್‌ಶೀನ್ ಅವರಂಥ ನೃತ್ಯಲೋಕದ ದೊಡ್ಡ ಹೆಸರುಗಳೂ ಆ ಬಾಗಿಲಿಗೆ ಬಂದವು. ತನ್ನ ಪದ್ಧತಿಗೆ ಆತ ಇಟ್ಟ ಹೆಸರು ಕಂಟ್ರಾಲಜಿ, ಮೈಯ ಹಿಡಿತವನ್ನು ಮನಸ್ಸಿಗೆ ಕೊಡುವ ವಿದ್ಯೆ. 1945ರಲ್ಲಿ ಬಂದ ಆತನ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡುವ 34 ವ್ಯಾಯಾಮಗಳಿವೆ. ಸ್ಪ್ರಿಂಗು, ಜಾರುಮಣೆ, ಪಟ್ಟಿಗಳಿರುವ ರಿಫಾರ್ಮರ್ ಎಂಬ ಯಂತ್ರವನ್ನು ರೂಪಿಸಿದ ಮನುಷ್ಯನೇ ಸಾಮಾನ್ಯ ಓದುಗರಿಗೆ ಬರೆಯುವಾಗ ಯಂತ್ರವನ್ನು ಬದಿಗಿಟ್ಟು ಚಾಪೆಯೊಂದೇ ಸಾಕೆಂದ ಎನ್ನುವುದನ್ನು ಇಂದಿನ ದುಬಾರಿ ಸ್ಟುಡಿಯೋಗಳ ಕಾಲದಲ್ಲಿ ನೆನಪಿಡಬೇಕು.

ಆ 34ರಲ್ಲಿ ಮೊದಲನೆಯದನ್ನು ಹತ್ತಿರದಿಂದ ನೋಡಿದರೆ ಪದ್ಧತಿಯ ಗುಟ್ಟು ತಿಳಿಯುತ್ತದೆ. ಅಂಗಾತ ಮಲಗಿ ಎರಡೂ ಕಾಲುಗಳನ್ನು ಜೋಡಿಸಿ ನೆಲದಿಂದ ಎತ್ತಬೇಕು. ತಲೆ ಮತ್ತು ಭುಜಗಳೂ ನೆಲ ಬಿಡಬೇಕು, ಸೊಂಟ ಮಾತ್ರ ನೆಲಕ್ಕೆ ಅಂಟಿರಬೇಕು. ಪಕ್ಕದಲ್ಲಿ ನೀಳವಾಗಿ ಚಾಚಿದ ಕೈಗಳನ್ನು ಗೇಣುದ್ದದ ಅಂತರದಲ್ಲಿ ಮೇಲೆ ಕೆಳಗೆ ಬಡಿಯುತ್ತ ಐದು ಎಣಿಕೆಗೆ ಉಸಿರು ಒಳಗೆ, ಐದು ಎಣಿಕೆಗೆ ಹೊರಗೆ. ಹೀಗೆ ಹತ್ತು ಸುತ್ತು, ಒಟ್ಟು ನೂರು. ಹೆಸರೂ ನೂರು ಎಂದೇ. ಇದನ್ನು ಮಾಡುತ್ತ ಆಫೀಸಿನ ಜಗಳ ನೆನೆಯಲು ಆಗುವುದಿಲ್ಲ. ಎಣಿಕೆ ತಪ್ಪಿದರೆ ಉಸಿರು ತಪ್ಪುತ್ತದೆ, ಉಸಿರು ತಪ್ಪಿದರೆ ಹೊಟ್ಟೆಯ ಬಿಗಿ ಸಡಿಲುತ್ತದೆ, ಹೊಟ್ಟೆ ಸಡಿಲಾದರೆ ಸೊಂಟ ಕಮಾನಿನಂತೆ ಮೇಲೇಳುತ್ತದೆ. ತಪ್ಪು ಎಲ್ಲಿ ಆಯಿತೆಂದು ಮೈಯೇ ಹೇಳುತ್ತದೆ. ಮಾರನೇ ವಾರ ಅದೇ ತಪ್ಪು ಹತ್ತು ಎಣಿಕೆ ತಡವಾಗಿ ಬಂದರೆ ಅದು ಮಾಡಿದವರಿಗೆ ಮಾತ್ರ ತಿಳಿಯುವ ಗೆಲುವು. ಗಮನಕ್ಕೆ ಒಂದು ನೆಲೆ, ಕೌಶಲ ಬೆಳೆಯುತ್ತಿರುವ ಅರಿವು, ತನ್ನ ಮೈ ತನ್ನ ಮಾತು ಕೇಳುತ್ತಿದೆ ಎಂಬ ಭಾವ ಇವು ಮೂರೂ ಒಂದೇ ಕಡೆ ಸಿಗುವ ಚಟುವಟಿಕೆ ವಯಸ್ಕರ ಬದುಕಿನಲ್ಲಿ ಹೆಚ್ಚಿಲ್ಲ. ಸಂಗೀತ ಕಲಿಯುವವರಿಗೆ, ಮಗ್ಗದ ಮುಂದೆ ಕೂತವರಿಗೆ ಅದು ಗೊತ್ತಿರುತ್ತದೆ. ಪಿಲಾಟೆಸ್ ಮಾಡುವವರು ಹೇಳುವ ಸಂತೋಷ ಇಂಥದ್ದೇ ಎಂದು ನಾನು ಭಾವಿಸುತ್ತೇನೆ.

ಭಾವನೆ ಒಂದು, ಪುರಾವೆ ಇನ್ನೊಂದು. ಪಿಲಾಟೆಸ್ ಬಗ್ಗೆ ಅತಿ ಹೆಚ್ಚು ಪರೀಕ್ಷೆಯಾಗಿರುವುದು ಬೆನ್ನುನೋವಿನ ವಿಷಯದಲ್ಲಿ. ವೈದ್ಯಕೀಯ ಪುರಾವೆಗಳನ್ನು ಕಲೆಹಾಕಿ ತೂಗುವ ಕಾಕ್ರೇನ್ ಸಂಸ್ಥೆಯ, 2015ರಲ್ಲಿ ಪ್ರಕಟವಾದ ಸಮೀಕ್ಷೆ 10 ಪ್ರಯೋಗಗಳನ್ನು, ಒಟ್ಟು 510 ಜನರ ಫಲಿತಾಂಶವನ್ನು ಜೋಡಿಸಿ ನೋಡಿತು. ಏನೂ ಮಾಡದವರಿಗಿಂತ, ಇಲ್ಲವೇ ಒಂದು ಕರಪತ್ರ ಕೊಟ್ಟು ಕಳಿಸಿದವರಿಗಿಂತ, ಪಿಲಾಟೆಸ್ ಮಾಡಿದವರ ನೋವು ಕಡಿಮೆಯಾಗಿತ್ತು, ಓಡಾಟ ಸಲೀಸಾಗಿತ್ತು. ಬೇರೆ ವ್ಯಾಯಾಮ ಮಾಡಿದವರ ಜೊತೆ ಹೋಲಿಸಿದಾಗ ಮಾತ್ರ ಪಿಲಾಟೆಸ್ಸೇ ಮೇಲು ಎನ್ನಲು ಖಚಿತ ಆಧಾರ ಸಿಗಲಿಲ್ಲ. ಪುರಾವೆಯ ಗುಣಮಟ್ಟವೂ ಕೆಳಗಿನಿಂದ ಮಧ್ಯಮ ದರ್ಜೆಯದು ಎಂದು ಸಮೀಕ್ಷಕರೇ ಬರೆದರು. ಪಿಲಾಟೆಸ್ ಮಾರುವವರಿಗೆ ಇದು ನಿರಾಸೆಯ ಸುದ್ದಿ. ನಮ್ಮ ಪ್ರಶ್ನೆಗೆ ಇದರಷ್ಟು ಒಳ್ಳೆಯ ಸುದ್ದಿ ಇನ್ನೊಂದಿಲ್ಲ. ಫಲ ಒಂದೇ ಪದ್ಧತಿಯ ಸ್ವತ್ತಾಗಿದ್ದರೆ ಅದನ್ನು ಪಡೆಯಲು ಆ ಪದ್ಧತಿಯ ಬಾಗಿಲಿಗೇ ಹೋಗಬೇಕಿತ್ತು. ಸರಿಯಾಗಿ, ಮನಸ್ಸಿಟ್ಟು, ಬಿಡದೆ ಮಾಡಿದ ಹಲವು ಚಲನೆಗಳು ಹೆಚ್ಚುಕಡಿಮೆ ಅದೇ ಊರಿಗೆ ಮುಟ್ಟಿಸುತ್ತವೆ ಎಂದಾದರೆ ಆಯ್ಕೆ ಜನರ ಕೈಯಲ್ಲಿರುತ್ತದೆ.

ಮನಸ್ಸಿನ ವಿಷಯದಲ್ಲಿ ಪಿಲಾಟೆಸ್ ಕುರಿತ ಪುರಾವೆ ಇನ್ನೂ ತೆಳು. 2018ರ ಒಂದು ಸಮೀಕ್ಷೆಗೆ ಸಿಕ್ಕಿದ್ದು ಎಂಟೇ ಪ್ರಯೋಗಗಳು. ಖಿನ್ನತೆ, ಆತಂಕ, ದಣಿವು ಕಡಿಮೆಯಾದದ್ದು ಕಂಡರೂ ಪ್ರಯೋಗಗಳು ಸಣ್ಣವು. ಒಟ್ಟಾರೆ ವ್ಯಾಯಾಮದ ಬಗ್ಗೆ ಆಧಾರ ದೊಡ್ಡದು. 1999ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಖಿನ್ನತೆಯಿದ್ದ, ವಯಸ್ಸಾದ 156 ಜನರಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಸರ್ಟ್ರಾಲೀನ್ ಎಂಬ ಖಿನ್ನತೆಯ ಮಾತ್ರೆ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದಾಗ 16 ವಾರಗಳ ಕೊನೆಗೆ ಮೂರೂ ಗುಂಪುಗಳು ಹತ್ತಿರ ಹತ್ತಿರ ನಿಂತವು. ಮಾತ್ರೆ ಬೇಗ ಕೆಲಸ ಮಾಡಿತ್ತು, ವ್ಯಾಯಾಮ ನಿಧಾನವಾಗಿ. 2024ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಸಮೀಕ್ಷೆ 218 ಪ್ರಯೋಗಗಳನ್ನು, 14,170 ಜನರನ್ನು ಒಳಗೊಂಡಿತ್ತು. ನಡಿಗೆ ಅಥವಾ ಜಾಗಿಂಗ್, ಯೋಗ, ಭಾರ ಎತ್ತುವಿಕೆ ಈ ಮೂರು ಖಿನ್ನತೆಯ ಮೇಲೆ ಹೆಚ್ಚು ಪರಿಣಾಮ ತೋರಿದವು. ಆರೋಗ್ಯವಂತರ ಮಾತು ಬೇರೆಯೇ ಎನ್ನುವವರಿಗೆ ನಾರ್ವೆಯ ಹಂಟ್ ಅಧ್ಯಯನವಿದೆ: ಸುಮಾರು 34 ಸಾವಿರ ವಯಸ್ಕರನ್ನು 11 ವರ್ಷ ಹಿಂಬಾಲಿಸಿದ ಸಂಶೋಧಕರು, ಎಲ್ಲರೂ ವಾರಕ್ಕೆ ಒಂದೇ ಒಂದು ಗಂಟೆ ಮೈ ಆಡಿಸಿದ್ದರೆ ಮುಂದೆ ಬಂದ ಖಿನ್ನತೆಯಲ್ಲಿ ಶೇ 12ರಷ್ಟನ್ನು ತಡೆಯಬಹುದಿತ್ತು ಎಂದು ಲೆಕ್ಕ ಹಾಕಿದರು. ವಾರಕ್ಕೆ ಒಂದು ಗಂಟೆ ಎಂದರೆ ದಿನಕ್ಕೆ ಒಂಬತ್ತು ನಿಮಿಷವೂ ಇಲ್ಲ.

ಇಲ್ಲಿ ಎದ್ದು ಬರುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಔಷಧದ ಪ್ರಯೋಗದಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಸುಳ್ಳು ಮಾತ್ರೆ ಎಂಬುದನ್ನು ಮುಚ್ಚಿಡಬಹುದು. ವ್ಯಾಯಾಮ ಮಾಡುತ್ತಿದ್ದೇನೋ ಇಲ್ಲವೋ ಎಂಬುದನ್ನು ಯಾರಿಂದಲೂ ಮುಚ್ಚಿಡಲಾಗದು. ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯೇ ಒಳ್ಳೆಯದು ಮಾಡಿರಬಹುದು. 2013ರ ಕಾಕ್ರೇನ್ ಸಮೀಕ್ಷೆಯಲ್ಲಿ, ಕಟ್ಟುನಿಟ್ಟಾಗಿ ನಡೆದ ಕೆಲವೇ ಪ್ರಯೋಗಗಳನ್ನು ಬೇರ್ಪಡಿಸಿ ನೋಡಿದಾಗ ವ್ಯಾಯಾಮದ ಪರಿಣಾಮ ಸಣ್ಣದಾಗಿತ್ತು. ಇನ್ನೊಂದು ಆಕ್ಷೇಪ ಕಾರಣ ಯಾವುದು, ಪರಿಣಾಮ ಯಾವುದು ಎಂಬುದರದು: ಉಲ್ಲಾಸ ಇರುವವರು ಹೆಚ್ಚು ಓಡಾಡುತ್ತಾರೆ, ಮನಸ್ಸು ಕುಗ್ಗಿದವರು ಮಂಚ ಬಿಟ್ಟೇಳುವುದಿಲ್ಲ, ನಾವು ಅದನ್ನೇ ತಿರುಗಿಸಿ ಓದುತ್ತಿರಬಹುದಲ್ಲ? ಇದಕ್ಕೆ 2019ರಲ್ಲಿ ಒಂದು ಜಾಣ ಉತ್ತರ ಬಂತು. ಹೆಚ್ಚು ಚಲಿಸುವ ಒಲವಿಗೆ ಸಂಬಂಧಿಸಿದ ವಂಶವಾಹಿ ವ್ಯತ್ಯಾಸಗಳು ಹುಟ್ಟಿನಿಂದಲೇ ಬರುವಂಥವು, ಮನಸ್ಸು ಕುಗ್ಗಿದ್ದರಿಂದ ಬದಲಾಗುವಂಥವಲ್ಲ. ಅವುಗಳನ್ನು ಆಧರಿಸಿ ನಡೆದ ವಿಶ್ಲೇಷಣೆಯಲ್ಲಿ, ಉಪಕರಣದಿಂದ ಅಳೆದ ಚಲನೆ ಖಿನ್ನತೆಯ ಅಪಾಯವನ್ನು ತಗ್ಗಿಸುವ ಸೂಚನೆ ಸಿಕ್ಕಿತು, ಖಿನ್ನತೆ ಚಲನೆಯನ್ನು ತಗ್ಗಿಸುವ ಸೂಚನೆ ಸಿಗಲಿಲ್ಲ. ಇದೇ ಕೊನೆಯ ಮಾತಲ್ಲ. ಆದರೂ ನಿರೀಕ್ಷೆಯೊಂದರಿಂದಲೇ ಎಲ್ಲವೂ ಆಗುತ್ತಿದೆ ಎನ್ನುವುದು ಈಗ ಕಷ್ಟ. ನನ್ನ ಮಟ್ಟಿಗೆ, ಪರಿಣಾಮ ನಿಜ, ಗಾತ್ರದಲ್ಲಿ ಜಾಹೀರಾತಿಗಿಂತ ಚಿಕ್ಕದು, ಅಗ್ಗದಲ್ಲಿ ಸಿಗುವುದರಿಂದ ದೊಡ್ಡದು.

ಸಂತೋಷ ಕೊಡುವುದಾದರೆ ಜನ ಯಾಕೆ ತಾವಾಗಿಯೇ ಮಾಡುವುದಿಲ್ಲ ಎಂಬುದು ಸರಳವಾದ, ಆದರೆ ಆಳವಾದ ಪ್ರಶ್ನೆ. ಹಾರ್ವರ್ಡಿನ ಮಾನವಶಾಸ್ತ್ರಜ್ಞ ಡೇನಿಯಲ್ ಲೀಬರ್‌ಮನ್ ಇದಕ್ಕೆ ಕೊಡುವ ಉತ್ತರ ನಮ್ಮ ಸೋಮಾರಿತನದ ಮೇಲಿನ ಆರೋಪವನ್ನು ಹಗುರ ಮಾಡುತ್ತದೆ: ಆಹಾರ ಕಷ್ಟಪಟ್ಟು ಸಿಗುತ್ತಿದ್ದ ಕಾಲದಲ್ಲಿ ರೂಪುಗೊಂಡ ದೇಹ ಅನಗತ್ಯ ಶ್ರಮವನ್ನು ತಪ್ಪಿಸುವಂತೆಯೇ ರೂಪುಗೊಂಡಿದೆ. ಅಗತ್ಯವಿದ್ದಾಗ ಅಥವಾ ಆಟದಂತೆ ಹಿತವೆನಿಸಿದಾಗ ಮಾತ್ರ ಅದು ಮೇಲೇಳುತ್ತದೆ. ಕೆನಡಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇನ್ನೂ ಕುತೂಹಲದ್ದು. ಯೋಗ, ಪಿಲಾಟೆಸ್, ಏರೋಬಿಕ್ಸ್, ಭಾರ ಎತ್ತುವಿಕೆ ತರಗತಿಗಳಿಗೆ ಬರುವವರನ್ನೇ ಕೇಳಿದಾಗ, ಶುರುವಿಗೆ ಮುಂಚೆ ಅವರು ಊಹಿಸಿದ್ದಕ್ಕಿಂತ ಮುಗಿದ ಮೇಲೆ ಅನುಭವಿಸಿದ ಖುಷಿ ಹೆಚ್ಚಾಗಿತ್ತು. ಊಹೆ ತಪ್ಪಲು ಕಾರಣ, ಎಲ್ಲರೂ ಮನಸ್ಸಿನಲ್ಲಿ ನೋಡುವುದು ಮೊದಲ ಕೆಲವು ನಿಮಿಷಗಳನ್ನು, ಆ ನಿಮಿಷಗಳೇ ಅತ್ಯಂತ ಬೇಸರದವು. ಇದರ ಪಕ್ಕದಲ್ಲಿ ವ್ಯಾಯಾಮದ ಮನೋವಿಜ್ಞಾನಿ ಪ್ಯಾಂಟೆಲೀಮನ್ ಎಕೆಕಾಕಿಸ್ ಅವರ ಸಂಶೋಧನೆಯನ್ನು ಇಡಬೇಕು. ಏದುಸಿರು ಬರುವ ಗಡಿ ದಾಟಿದ ಮೇಲೆ ಹೆಚ್ಚಿನವರಿಗೆ ಹಿತ ಇಳಿಯುತ್ತದೆ, ಗಡಿಯ ಈಚೆ ತಾವೇ ಆರಿಸಿಕೊಂಡ ವೇಗದಲ್ಲಿ ಏರುತ್ತದೆ. ಯಾರೋ ಹೇರಿದ ವೇಗ ಸ್ವಲ್ಪವೇ ಹೆಚ್ಚಾದರೂ ಸುಖ ಕೆಡುತ್ತದೆ. ಜಿಮ್ಮಿನಲ್ಲಿ ಕೂಗಿ ಹುರಿದುಂಬಿಸುವ ತರಬೇತುದಾರರು, ಬೆವರಿಳಿಯದಿದ್ದರೆ ವ್ಯಾಯಾಮವೇ ಅಲ್ಲ ಎನ್ನುವ ಬಂಧುಗಳು, ಇಬ್ಬರೂ ಜನರನ್ನು ಚಲನೆಯಿಂದ ದೂರ ತಳ್ಳುತ್ತಿರಬಹುದು. ಪಿಲಾಟೆಸ್ಸಿನ ನಿಧಾನ, ಉಸಿರಿಗೆ ಹೊಂದಿದ ಅದರ ಲಯ, ಕಡಿಮೆ ಸಲ ಆದರೆ ಸರಿಯಾಗಿ ಮಾಡು ಎಂಬ ಅದರ ನಿಯಮ ಬಹುಜನರಿಗೆ ಹಿಡಿಸುವುದರ ಕಾರಣ ಇಲ್ಲೇ ಇದೆ.

ಇನ್ನು ದಿನನಿತ್ಯದ ಚಲನೆಗೆ ಬರೋಣ. ಈ ಇಡೀ ವಿಜ್ಞಾನ ಹುಟ್ಟಿದ್ದೇ ಬಸ್ಸಿನಲ್ಲಿ. ಜೆರ್ರಿ ಮಾರಿಸ್ ಎಂಬ ವೈದ್ಯ 1953ರಲ್ಲಿ ಪ್ರಕಟಿಸಿದ ಲಂಡನ್ ಅಧ್ಯಯನದಲ್ಲಿ ಡಬಲ್ ಡೆಕ್ಕರ್ ಬಸ್ಸಿನ ಚಾಲಕರಿಗಿಂತ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ ಇತ್ತು. ಒಂದೇ ಬಸ್ಸು, ಒಂದೇ ವರ್ಗದ ಜನ. ಒಬ್ಬ ದಿನವಿಡೀ ಕೂತಿರುತ್ತಿದ್ದ, ಇನ್ನೊಬ್ಬ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಅಲ್ಲಿಂದ ಇಲ್ಲಿಯವರೆಗೆ ವಿಜ್ಞಾನ ಕೇಳುವ ಕನಿಷ್ಠ ಪ್ರಮಾಣ ಇಳಿಯುತ್ತಲೇ ಬಂದಿದೆ. ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ಬಂದದ್ದು 1965ರ ಜಪಾನಿನ ಒಂದು ಹೆಜ್ಜೆಮಾಪಕದ ಮಾರಾಟದಿಂದ, ಪ್ರಯೋಗಾಲಯದಿಂದಲ್ಲ. ಸರಾಸರಿ 72 ವರ್ಷದ 16,741 ಮಹಿಳೆಯರನ್ನು ಗಮನಿಸಿದ 2019ರ ಅಮೆರಿಕದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ಇಟ್ಟವರ ಸಾವಿನ ಪ್ರಮಾಣ 2,700 ಹೆಜ್ಜೆಯವರಿಗಿಂತ ಶೇ 41ರಷ್ಟು ಕಡಿಮೆ ಇತ್ತು. 7,500ರ ಆಚೆ ಹೆಚ್ಚುವರಿ ಲಾಭ ಕಾಣಲಿಲ್ಲ. ವ್ಯಾಯಾಮವನ್ನೇ ಮಾಡದ 25,241 ಬ್ರಿಟಿಷರ ಮಣಿಕಟ್ಟಿಗೆ ಮಾಪಕ ಕಟ್ಟಿ ನೋಡಿದ 2022ರ ಅಧ್ಯಯನವಂತೂ ಇನ್ನೂ ಮುಂದೆ ಹೋಯಿತು: ಬಸ್ಸು ಹಿಡಿಯಲು ಓಡುವುದು, ಭಾರದ ಚೀಲ ಹೊತ್ತು ಮೆಟ್ಟಿಲೇರುವುದು ಇಂಥ ಒಂದೆರಡು ನಿಮಿಷದ ಚುರುಕು ದಿನಕ್ಕೆ ಮೂರು ಸಲ ಇದ್ದವರಲ್ಲಿ ಸಾವಿನ ಅಪಾಯ ಶೇ 38ರಿಂದ 40ರಷ್ಟು ಕಡಿಮೆ ಕಂಡಿತು. ಇವೆಲ್ಲ ಒಟ್ಟಿಗೆ ಕಂಡ ಸಂಗತಿಗಳೇ ಹೊರತು ಒಂದರಿಂದಲೇ ಇನ್ನೊಂದು ಆಯಿತೆಂಬ ರುಜುವಾತಲ್ಲ. ಆದರೂ ಹತ್ತು ನಿಮಿಷಕ್ಕಿಂತ ಕಡಿಮೆಯದು ಲೆಕ್ಕಕ್ಕಿಲ್ಲ ಎಂಬ ಹಳೆಯ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ಕೆಲಸ ಎಂದು ಹೇಳುತ್ತಲೇ, ಸ್ವಲ್ಪವಾದರೂ ಏನೂ ಇಲ್ಲದ್ದಕ್ಕಿಂತ ಮೇಲು ಎಂದಿತು.

ಹಾಗಾದರೆ ಮನೆಗೆಲಸ, ಹೊಲದ ಕೆಲಸ ಸಾಲದೆ, ಪಿಲಾಟೆಸ್ ಯಾಕೆ, ಯೋಗ ಯಾಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೆಳಿಗ್ಗೆ ಐದಕ್ಕೆದ್ದು ರಾತ್ರಿ ಹತ್ತರವರೆಗೆ ನಿಂತೇ ಇರುವ ಹೆಂಗಸಿಗೆ ಮೈ ಆಡಿಸು ಎನ್ನುವುದು ಕ್ರೂರವಾಗಿಯೂ ಕೇಳಿಸುತ್ತದೆ. ಈ ಪ್ರಶ್ನೆ ಇಡೀ ಚರ್ಚೆಯ ಗಂಟು. 2018ರಲ್ಲಿ ಪ್ರಕಟವಾದ, 1,93,696 ಜನರ ಮಾಹಿತಿ ಜೋಡಿಸಿದ ಸಮೀಕ್ಷೆಯಲ್ಲಿ, ದುಡಿಮೆಯಲ್ಲೇ ಹೆಚ್ಚು ಮೈ ದಣಿಸುವ ಗಂಡಸರಿಗೆ ಅಕಾಲ ಸಾವಿನ ಅಪಾಯ ಶೇ 18ರಷ್ಟು ಹೆಚ್ಚಿತ್ತು. ಬಿಡುವಿನ ಚಲನೆ ಕಾಯುತ್ತದೆ, ದುಡಿಮೆಯ ಚಲನೆ ಸವೆಸುತ್ತದೆ ಎಂಬ ಈ ವಿರೋಧಾಭಾಸವನ್ನು ಡೆನ್ಮಾರ್ಕಿನ ಸಂಶೋಧಕರು ವರ್ಷಗಳಿಂದ ಎತ್ತಿ ತೋರಿಸುತ್ತಿದ್ದಾರೆ. ಬಡತನ, ತಂಬಾಕು, ಕೆಟ್ಟ ವಸತಿ ಇವೂ ಆ ಲೆಕ್ಕದೊಳಗೆ ಸೇರಿಕೊಂಡಿರಬಹುದು ಎಂದು ವಾದಿಸುವವರಿದ್ದಾರೆ, ಅದರಲ್ಲಿ ನ್ಯಾಯವಿದೆ. ಆದರೂ ಕಾರಣಗಳು ಕಣ್ಣಿಗೆ ಕಾಣುವಂತಿವೆ. ಎಂಟು ಗಂಟೆ ಸಿಮೆಂಟಿನ ಬಾಣಲೆ ಹೊತ್ತವರ ರಕ್ತದೊತ್ತಡಕ್ಕೆ ಇಳಿಯುವ ಅವಕಾಶವಿಲ್ಲ. ಸುಸ್ತಾದಾಗ ನಿಲ್ಲುವ ಹಕ್ಕಿಲ್ಲ. ಸಸಿ ನಾಟಿ ಮಾಡುವವರು ಬೆನ್ನು ಬಗ್ಗಿಸಿದ ಭಂಗಿ ಬದಲಿಸುವಂತಿಲ್ಲ. ಚಲನೆ ಇದೆ, ಅದು ಅವರ ಕೈಯಲ್ಲಿಲ್ಲ.

ಹೆಂಗಸರ ಸ್ಥಿತಿ ಇದಕ್ಕಿಂತ ಸಿಕ್ಕು. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಸಾಕಷ್ಟು ಚಲಿಸುತ್ತಿಲ್ಲ: ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಅದೇ 2024ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಹೇಳುವಂತೆ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ಕೊಡುವ ಸಮಯ ದಿನಕ್ಕೆ 289 ನಿಮಿಷ, ಗಂಡಸರು 88. ಸುಮಾರು ಐದು ಗಂಟೆ ದುಡಿಯುವವರೇ ಹೆಚ್ಚು ನಿಷ್ಕ್ರಿಯರು ಎಂಬ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ಯಾರಿಗಾದರೂ ಅನ್ನಿಸಬೇಕು. ಮನೆಗೆಲಸ ಪ್ರಶ್ನಾವಳಿಗಳಲ್ಲಿ ಸರಿಯಾಗಿ ಎಣಿಕೆಯಾಗುವುದಿಲ್ಲ ಎಂಬುದು ಒಂದು ಭಾಗ. ಗ್ಯಾಸ್ ಕಟ್ಟೆ, ಮಿಕ್ಸಿ, ಗ್ರೈಂಡರ್, ವಾಷಿಂಗ್ ಮಷೀನ್ ಬಂದ ಮೇಲೆ ಆ ಕೆಲಸದ ಸ್ವರೂಪವೇ ಬದಲಾಗಿದೆ ಎಂಬುದು ಇನ್ನೊಂದು ಭಾಗ. ಬೀಸುಕಲ್ಲು, ಒರಳು, ಬಾವಿಯ ಹಗ್ಗ ಕಷ್ಟದವು, ಅವು ಹೋದದ್ದಕ್ಕೆ ಯಾರೂ ಅಳಬೇಕಿಲ್ಲ. ಉಳಿದದ್ದು ಒಂದೇ ಜಾಗದಲ್ಲಿ ನಿಂತು ಮಾಡುವ, ಕಾಲು ಸೇದುವ, ಮನಸ್ಸು ನಾಲ್ಕು ಕಡೆ ಹಂಚಿಹೋಗಿರುವ ಕೆಲಸ. ಹೆಚ್ಚಿನ ಹೆಂಗಸರಿಗೆ ತಮ್ಮ ಮೈಯ ಜೊತೆ ತಾವಿರುವ ಹೊತ್ತು ದಿನದಲ್ಲಿ ಒಂದೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಇಂಡಿಯಾಬ್ ಅಧ್ಯಯನದ 2014ರ ವರದಿಯಲ್ಲಿ, ಬಿಡುವಿನ ವೇಳೆಯಲ್ಲಿ ಆಟ, ವ್ಯಾಯಾಮ ಇತ್ಯಾದಿ ಮಾಡುವವರು ಶೇ 10ಕ್ಕಿಂತ ಕಡಿಮೆ ಇದ್ದರು. ಕೆಲಸವೇ ವ್ಯಾಯಾಮ ಎಂದು ತಿಳಿದುಕೊಂಡರೆ ಸಾಕು, ಮೈ ಅದರಂತೆ ಬದಲಾಗುತ್ತದೆ ಎಂಬ ವಾದಕ್ಕೆ ಅಮೆರಿಕದ ಹೋಟೆಲ್ ಕೋಣೆ ಸ್ವಚ್ಛಗೊಳಿಸುವ 84 ಮಹಿಳೆಯರ ಮೇಲೆ 2007ರಲ್ಲಿ ನಡೆದ ಪ್ರಯೋಗವನ್ನು ಉದಾಹರಿಸುವವರಿದ್ದಾರೆ. ಆ ಮಾತು ಹೇಳಿಸಿಕೊಂಡವರ ತೂಕ, ರಕ್ತದೊತ್ತಡ ನಾಲ್ಕು ವಾರದಲ್ಲಿ ಇಳಿದಿತ್ತಂತೆ. ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಅರಿವು ಮುಖ್ಯ ಎಂದು ನಂಬುವ ನನಗೂ ಆ ಪ್ರಯೋಗದ ಮೇಲೆ ಭಾರ ಹಾಕಲು ಧೈರ್ಯವಿಲ್ಲ. ದುಡಿದು ದಣಿದವರಿಗೆ ಬೇಕಾದದ್ದು ದಣಿವಿನ ಬಗ್ಗೆ ಒಳ್ಳೆಯ ಮಾತಲ್ಲ, ಅದರ ಹಂಚಿಕೆ ಮತ್ತು ಕಾಲು ಗಂಟೆಯ ಬಿಡುವು. ಮನೆಯ ಉಳಿದವರು ತಮ್ಮ 88 ನಿಮಿಷವನ್ನು ನೂರಕ್ಕೆ ಏರಿಸಿದರೆ ಆ ಬಿಡುವಿನ ಬಹುಪಾಲು ಅಲ್ಲೇ ಸಿಗುತ್ತದೆ.

ನಮ್ಮ ಮನೆಗಳು ಕಳೆದುಕೊಳ್ಳುತ್ತಿರುವ ಇನ್ನೊಂದು ಚಲನೆ ಇದೆ, ಅದಕ್ಕೆ ಯಾವ ಸ್ಟುಡಿಯೋವೂ ಬೇಕಿಲ್ಲ: ನೆಲದ ಮೇಲೆ ಕೂತು ಏಳುವುದು. ಬ್ರೆಜಿಲಿನ ವೈದ್ಯ ಕ್ಲಾಡಿಯೋ ಅರೌಜೊ ಮತ್ತು ಸಂಗಡಿಗರು 51ರಿಂದ 80 ವರ್ಷದ 2,002 ಜನರನ್ನು ಬರಿಗಾಲಿನಲ್ಲಿ ನಿಲ್ಲಿಸಿ, ಆಸರೆ ಆದಷ್ಟು ಕಡಿಮೆ ಮಾಡಿ ನೆಲಕ್ಕೆ ಕೂತು ಏಳಲು ಹೇಳಿದರು. ಕೂರಲು ಐದು ಅಂಕ, ಏಳಲು ಐದು. ಕೈ ಊರಿದರೆ, ಮಂಡಿ ಊರಿದರೆ ಒಂದೊಂದು ಅಂಕ ಕಡಿತ, ತೂಗಾಡಿದರೆ ಅರ್ಧ. ಮುಂದಿನ ಆರು ವರ್ಷಗಳಲ್ಲಿ ಒಂದೊಂದು ಅಂಕ ಹೆಚ್ಚಿದಂತೆ ಬದುಕುಳಿಯುವ ಸಂಭವ ಶೇ 21ರಷ್ಟು ಹೆಚ್ಚಿತ್ತು ಎಂದು 2012ರಲ್ಲಿ ಬರೆದರು. ಚಕ್ಕಳಮಕ್ಕಳ ಹಾಕಿ ಉಂಡು, ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆದು, ಸೊಂಟ ಬಗ್ಗಿಸಿ ರಂಗೋಲಿ ಇಟ್ಟು ಬೆಳೆದ ಪೀಳಿಗೆಗೆ ಈ ಪರೀಕ್ಷೆ ದಿನಕ್ಕೆ ಹತ್ತಾರು ಸಲ ನಡೆಯುತ್ತಿತ್ತು. ಡೈನಿಂಗ್ ಟೇಬಲ್, ಸೋಫಾ, ಕಮೋಡು ಬಂದ ಮನೆಯಲ್ಲಿ ತಿಂಗಳಿಗೊಮ್ಮೆಯೂ ನಡೆಯದಿರಬಹುದು. ಮಂಡಿ ಸವೆದವರಿಗೆ ಕುರ್ಚಿ ಬೇಕೇ ಬೇಕು, ಅವರನ್ನು ನೆಲಕ್ಕೆ ಕೂರಿಸುವುದು ತಪ್ಪು. ಆದರೆ ಮೂವತ್ತರ ಹರೆಯದವರು ಟೀವಿ ನೋಡುವಾಗ, ಸೊಪ್ಪು ಬಿಡಿಸುವಾಗ, ಮಕ್ಕಳ ಹೋಂವರ್ಕ್ ನೋಡುವಾಗ ನೆಲದಲ್ಲಿ ಕೂತರೆ, ಏಳುವಾಗ ಕೈ ಊರದೆ ಏಳುವತ್ತ ಗಮನವಿಟ್ಟರೆ, ಹೊಟ್ಟೆಯ ಸ್ನಾಯು ಬಿಗಿಯಾಗುವುದು, ಪಾದ ನೆಲವನ್ನು ಒತ್ತುವುದು, ಉಸಿರು ಹೊರಹೋಗುವುದು ಎಲ್ಲವೂ ತಿಳಿಯುತ್ತವೆ. ಪಿಲಾಟೆಸ್ ಚಾಪೆಯ ಮೇಲೆ ಕಲಿಸುವುದು ಇದನ್ನೇ. ಒಂದು ಸಲ ಕಲಿತ ಗಮನ ಚಾಪೆಯ ಹೊರಗೂ ಕೆಲಸ ಮಾಡದಿದ್ದರೆ ಆ ಕಲಿಕೆ ಅರ್ಧವೇ ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ಯೋಗವಿರುವಾಗ ಜರ್ಮನಿಯ ಮನುಷ್ಯನ ಪದ್ಧತಿ ಯಾಕೆ ಎಂದು ಕೇಳುವವರ ಅಭಿಮಾನ ಅರ್ಥವಾಗುತ್ತದೆ. ಚರಿತ್ರೆಯನ್ನು ನೋಡಿದರೆ ಇವೆರಡು ಎದುರಾಳಿಗಳಂತೆ ಕಾಣುವುದಿಲ್ಲ. ನ್ಯೂಯಾರ್ಕಿನಲ್ಲಿ ಪಿಲಾಟೆಸ್ ನೃತ್ಯಗಾರರ ಮೈ ತಿದ್ದುತ್ತಿದ್ದ 1930ರ ದಶಕದಲ್ಲೇ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಆಸನಗಳನ್ನು ಕಲಿಸುತ್ತಿದ್ದರು. ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಅಂದಿನ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಹಬ್ಬಿದ್ದ ಕಾಲದಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವನ್ನೂ ಕಂಡ ಕೃಶ ಹುಡುಗ. ಮುಂದೆ ಅವರು ಹಗ್ಗ, ಮರದ ದಿಮ್ಮಿ, ಪಟ್ಟಿ, ಕುರ್ಚಿಗಳನ್ನು ಬಳಸಿ ಮೈ ಬಾಗದವರಿಗೂ ಆಸನ ಒದಗಿಸಿದರು. ಒಂದೇ ಕಾಲದಲ್ಲಿ, ಎರಡು ಖಂಡಗಳಲ್ಲಿ, ಕಾಯಿಲೆಯಿಂದ ಎದ್ದ ಇಬ್ಬರು ತಮ್ಮ ಮೈಯನ್ನೇ ಪಾಠಶಾಲೆ ಮಾಡಿಕೊಂಡು, ಭಂಗಿಯ ನಿಖರತೆಗೆ ಪಟ್ಟುಹಿಡಿದು, ಆಸರೆಯ ಸಾಧನ ಕಂಡುಹಿಡಿದು ತಲುಪಿದ ಜಾಗ ಬಹಳ ಹತ್ತಿರದ್ದು. ಯೋಗದ ಹಿಂದೆ ದರ್ಶನವಿದೆ, ಧ್ಯಾನವಿದೆ, ಅದು ಪಿಲಾಟೆಸ್ಸಿನಲ್ಲಿಲ್ಲ. ಅದೇ ಕಾರಣಕ್ಕೆ ಕೆಲವರಿಗೆ ಯೋಗ ಒಗ್ಗುತ್ತದೆ, ಕೆಲವರಿಗೆ ಪಿಲಾಟೆಸ್. ಬಿಎಂಜೆ ಸಮೀಕ್ಷೆಯಲ್ಲಿ ಯೋಗ ಮುಂಚೂಣಿಯಲ್ಲಿ ನಿಂತದ್ದು ನಮ್ಮೂರಿನ ಯೋಗ ತರಗತಿಗೆ ಹೋಗುವವರಿಗೆ ಬೇಕಾದಷ್ಟು ಸಮರ್ಥನೆ.

ಪಿಲಾಟೆಸ್ ಉಳ್ಳವರ ಹವ್ಯಾಸ ಎಂಬ ಮಾತಿಗೆ ಉತ್ತರ ಚಿಕ್ಕದು. ರಿಫಾರ್ಮರ್ ತರಗತಿ ದುಬಾರಿ, ನಿಜ. ಆದರೆ ಹೆಸರಿನ ಮೇಲೆ ಯಾರದೂ ಒಡೆತನವಿಲ್ಲ: 2000ದ ಇಸವಿಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಪಿಲಾಟೆಸ್ ಎಂಬುದು ಒಂದು ವ್ಯಾಯಾಮ ಪದ್ಧತಿಯ ಸಾಮಾನ್ಯ ಹೆಸರು, ಟ್ರೇಡ್‌ಮಾರ್ಕ್ ಅಲ್ಲ ಎಂದು ತೀರ್ಪು ಕೊಟ್ಟಿತು. ಅದರ ಇನ್ನೊಂದು ಮುಖವೂ ಇದೆ. ಹೆಸರು ಎಲ್ಲರದಾದ ಮೇಲೆ ಕಲಿಸುವವರು ಯಾರೂ ಆಗಬಹುದು. ಬೆನ್ನುಮೂಳೆಯ ಡಿಸ್ಕ್ ಜಾರಿದವರು, ಮೂಳೆ ಸವೆತವಿರುವವರು, ಬಸುರಿಯರು ವೀಡಿಯೋ ನೋಡಿ ಶುರುಮಾಡದೆ ಮೊದಲು ಫಿಸಿಯೋಥೆರಪಿಸ್ಟ್ ಒಬ್ಬರಿಗೆ ತೋರಿಸಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಸೂಕ್ಷ್ಮವಾದ ಆಕ್ಷೇಪ ಖಿನ್ನತೆಯಲ್ಲಿರುವವರದು. ಎದ್ದು ಓಡಾಡು, ಸರಿಹೋಗುತ್ತೆ ಎನ್ನುವ ಮಾತು ಅವರಿಗೆ ಎಷ್ಟು ಸಲ ಕೇಳಿ ಸಾಕಾಗಿರುತ್ತದೆ! ಚಲನೆ ಹಿತ ಎನ್ನುವ ಪ್ರತಿ ಲೇಖನವೂ ಚಲಿಸಲಾಗದವರ ಮೇಲೆ ಹೊಸದೊಂದು ತಪ್ಪು ಹೊರಿಸುವ ಅಪಾಯವಿದೆ. ಹಲ್ಲುಜ್ಜಲೂ ಏಳಲಾಗದ ಸ್ಥಿತಿಯಲ್ಲಿ ಬೇಕಾದದ್ದು ವ್ಯಾಯಾಮದ ಸಲಹೆಯಲ್ಲ, ವೈದ್ಯರ ಚಿಕಿತ್ಸೆ. ಡ್ಯೂಕ್ ಅಧ್ಯಯನದಲ್ಲಿ ಪಾಲ್ಗೊಂಡವರು ವಾರಕ್ಕೆ ಮೂರು ದಿನ ತರಗತಿಗೆ ಬರುವಷ್ಟು ಶಕ್ತಿ ಉಳಿಸಿಕೊಂಡಿದ್ದವರು, ಅವರಿಗೆ ಅಲ್ಲಿ ತರಬೇತುದಾರರಿದ್ದರು, ಜೊತೆಯವರಿದ್ದರು. ಒಂಟಿಯಾಗಿ ಕೋಣೆಯಲ್ಲಿರುವವರಿಗೆ ಆ ಫಲಿತಾಂಶವನ್ನು ಹಾಗೆಯೇ ಎತ್ತಿ ಕೊಡಲಾಗದು. ಮನೆಯವರು ಮಾಡಬಹುದಾದದ್ದು ಉಪದೇಶ ಬಿಟ್ಟು ಜೊತೆಗೆ ನಡೆಯುವುದು, ಅದೂ ಅವರು ಒಪ್ಪಿದ ದಿನ, ಅವರ ವೇಗದಲ್ಲಿ, ರಸ್ತೆಯ ತಿರುವಿನವರೆಗಾದರೂ.

ಆ ರಸ್ತೆ ಹೇಗಿದೆ ಎಂಬ ಪ್ರಶ್ನೆಯನ್ನು ಬಿಟ್ಟು ಈ ವಿಷಯದ ಬಗ್ಗೆ ಬರೆಯುವುದು ಅನ್ಯಾಯ. ಬೆಂಗಳೂರಿನ ಬಹುತೇಕ ಫುಟ್‌ಪಾತುಗಳಲ್ಲಿ ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಬೈಕು, ಕಳಚಿದ ಚಪ್ಪಡಿ ದಾಟದೆ ನೂರು ಹೆಜ್ಜೆ ಇಡಲಾಗದು. ಎಪ್ಪತ್ತು ದಾಟಿದವರು ಮನೆಯೊಳಗೇ ಉಳಿಯುವುದಕ್ಕೆ ಮಂಡಿಯಷ್ಟೇ ಆ ಚಪ್ಪಡಿಯೂ ಕಾರಣ. ಸಣ್ಣ ಊರುಗಳಲ್ಲಿ ಹೆಂಗಸರು ಸಂಜೆ ಸುಮ್ಮನೆ ನಡೆದುಬರುವುದಕ್ಕೆ ಇಂದಿಗೂ ನೆಪ ಬೇಕು, ದೇವಸ್ಥಾನವೋ ಅಂಗಡಿಯೋ. ಹಿರಿಯರು ಬೀಳುವುದನ್ನು ವ್ಯಾಯಾಮ ಕಡಿಮೆ ಮಾಡಬಲ್ಲದು ಎನ್ನುವುದಕ್ಕೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಗಟ್ಟಿಯಾದ ಆಧಾರವಿದೆ: 108 ಪ್ರಯೋಗಗಳು, 23,407 ವೃದ್ಧರು, ಬೀಳುವ ಪ್ರಮಾಣದಲ್ಲಿ ಶೇ 23ರಷ್ಟು ಇಳಿಕೆ ಎಂದು 2019ರ ಕಾಕ್ರೇನ್ ಸಮೀಕ್ಷೆ ಹೇಳಿತು. ಅದರಲ್ಲಿ ಹೆಚ್ಚು ಕೆಲಸ ಮಾಡಿದ್ದು ಸಮತೋಲನ ಕಲಿಸುವ, ಕುರ್ಚಿಯಿಂದ ಏಳುವ, ಮೆಟ್ಟಿಲೇರುವ ಬಗೆಯ ಸಾಮಾನ್ಯ ಚಲನೆಗಳು. ಕರ್ನಾಟಕದಲ್ಲಿ ಗೃಹ ಆರೋಗ್ಯ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಅದೇ ಭೇಟಿಯಲ್ಲಿ ಮನೆಯ ಹಿರಿಯರು ಕೈ ಊರದೆ ಕುರ್ಚಿಯಿಂದ ಏಳಬಲ್ಲರೇ, ಗೋಡೆಯ ಪಕ್ಕ ಒಂಟಿಕಾಲಲ್ಲಿ ಹತ್ತು ಸೆಕೆಂಡು ನಿಲ್ಲಬಲ್ಲರೇ ಎಂದು ನೋಡಲು ಉಪಕರಣ ಬೇಕಿಲ್ಲ, ಎರಡು ನಿಮಿಷ ಸಾಕು. ಕಷ್ಟವಾದವರಿಗೆ ಗೋಡೆ ಹಿಡಿದು ಮಾಡುವ ಮೂರು ಚಲನೆಗಳನ್ನು ಅಲ್ಲೇ ತೋರಿಸಿ, ಮುಂದಿನ ಭೇಟಿಯಲ್ಲಿ ಮತ್ತೆ ನೋಡಿ, ಬೇಕಾದರೆ ಫಿಸಿಯೋಥೆರಪಿಸ್ಟರ ಬಳಿಗೆ ಕಳಿಸಬಹುದು.